ಕನ್ನಡಿ ಪೆಟ್ಟಿಗೆಯ ಬಲಗೈ

ಸೀತಾಲಕ್ಷ್ಮಿ ದಿನವೂ ಬೆಳಿಗ್ಗೆ ಮೊರದಲ್ಲಿ ಒಂದಿಷ್ಟು ಅಕ್ಕಿ ಹಾಕಿಕೊಂಡು ತಾರಸಿಗೆ ಹೋಗುತ್ತಿದ್ದಳು. ಅಕ್ಕಿ ಬರೀ ನೆಪಕ್ಕೆ. ಮೆಟ್ಟಿಲು ಮುಗಿಯುವಲ್ಲಿ ಒಂದು ಸಣ್ಣ ಕೋಣೆ, ಅದಕ್ಕೊಂದು ಕಿಟಕಿ. ಕಿಟಕಿಯ ಮುಂದೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅವಳ ಗಂಡ ಸೇತುರಾಮನ ಜಪಾನಿ ಕ್ಯಾಮೆರಾ ನಿಂತಿತ್ತು. ಕ್ಯಾಮೆರಾದ ಮುಂದೆ ಒಂದು ಕಪ್ಪು ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಮೊಳದುದ್ದದ ಲೆನ್ಸು. ಪೆಟ್ಟಿಗೆಯ ನೆತ್ತಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮಬ್ಬು ಗಾಜು, ಅದರ ಮೇಲೊಂದು ಭೂತಗನ್ನಡಿ. ನೋಡುವವರು ಮುಂದಕ್ಕೆ ನೋಡುವಂತಿಲ್ಲ, ಬಾವಿಗೆ ಇಣುಕಿದ ಹಾಗೆ ತಲೆ ಬಗ್ಗಿಸಿ ಕೆಳಕ್ಕೆ ನೋಡಬೇಕು. ಅದೇ ಅನುಕೂಲವಾಗಿತ್ತು. ಪಕ್ಕದ ತಾರಸಿಯಿಂದ ಬಸವಲಿಂಗಮ್ಮ ನೋಡಿದರೂ, ಪಾಪ, ಅಕ್ಕಿ ಆರಿಸುತ್ತಿದ್ದಾಳೆ ಅಂದುಕೊಳ್ಳಬೇಕು.

ಅವಳು ನೋಡುತ್ತಿದ್ದದ್ದು ಮಗಳನ್ನು.

ಬನಶಂಕರಿ ಎರಡನೇ ಹಂತದಲ್ಲಿ ಆಗಿನ್ನೂ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಇವರ ಮನೆ ದಿಣ್ಣೆಯ ಮೇಲೆ. ಕೆಳಗೆ ಲಂಟಾನ ಬೆಳೆದ ಸೈಟುಗಳು, ಒಂದು ಮೋರಿ, ಮೋರಿಯಾಚೆ ಹೊಸ ಮನೆಗಳ ಒಂದು ಸಾಲು. ಆ ಸಾಲಿನ ಕೊನೆಯ ಮನೆಗೆ ಜಯಾಳನ್ನು ಮಾಘದಲ್ಲಿ ಮದುವೆ ಮಾಡಿಕೊಟ್ಟಿದ್ದರು. ಹತ್ತಿರದಲ್ಲೇ ಇರ್ತಾಳೆ, ಕೂಗಿದರೆ ಕೇಳಿಸದಿದ್ದರೂ ತಾರಸಿ ಹತ್ತಿದರೆ ಕಾಣ್ತಾಳೆ ಎಂದು ಸಂಬಂಧ ಒಪ್ಪಿಕೊಂಡಾಗ ಸೀತಾಲಕ್ಷ್ಮಿಯೇ ಎಲ್ಲರಿಗಿಂತ ಹೆಚ್ಚು ಹಿಗ್ಗಿದ್ದಳು. ಆಮೇಲೆ ಗೊತ್ತಾದದ್ದು, ಹತ್ತಿರವಿದ್ದದ್ದೇ ತಪ್ಪಾಗಿತ್ತು ಎಂದು. ಬೀಗಿತ್ತಿ ರಂಗನಾಯಕಮ್ಮ ಮೊದಲ ತಿಂಗಳಲ್ಲೇ ನಗುನಗುತ್ತ ಹೇಳಿದ್ದರು: "ಪಕ್ಕದಲ್ಲೇ ತೌರುಮನೆ ಇದೆ ಅಂತ ಹುಡುಗಿ ಆ ಕಡೆ ಮುಖ ಮಾಡ್ಕೊಂಡೇ ಕೂತಿದ್ರೆ ಈ ಮನೆಗೆ ಹೊಂದ್ಕೊಳ್ಳೋದು ಯಾವಾಗ ಹೇಳಿ?" ಆಮೇಲೆ ಜಯಾ ಬರುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಕರೆಯದೆ ಬೀಗರ ಮನೆಗೆ ಹೋಗುವಂತಿಲ್ಲ. ಹೋದರೂ ಮಗಳ ಮನೆಯಲ್ಲಿ ಎಷ್ಟು ಹೊತ್ತು ಕೂರುವುದು?

ಆಷಾಢಕ್ಕಾದರೂ ಕಳಿಸುತ್ತಾರೆ ಎಂದು ಕಾದಿದ್ದಳು. ಮದುವೆಯಾದ ಮೊದಲ ಆಷಾಢ, ಸೊಸೆ ಅತ್ತೆಯ ಮನೆಯಲ್ಲಿ ಇರುವಂತಿಲ್ಲ, ತೌರಿಗೆ ಬರಲೇಬೇಕು. ಜಯಾಳ ಹಾಸಿಗೆ ಬಿಸಿಲಿಗೆ ಹಾಕಿ, ಅವಳಿಗೆ ಇಷ್ಟವೆಂದು ಹುರಿಹಿಟ್ಟು ಬೀಸಿಟ್ಟಿದ್ದಳು. ಬೀಗರಿಂದ ಬಂದದ್ದು ಮಾತು ಮಾತ್ರ: "ನಮಗೆ ಈ ಆಷಾಢ ಗೀಷಾಢದಲ್ಲೆಲ್ಲ ನಂಬಿಕೆ ಇಲ್ಲ."

ಆಗ ಸೀತಾಲಕ್ಷ್ಮಿ ಗಂಡನ ಬೀರುವಿನಿಂದ ಆ ಪೆಟ್ಟಿಗೆ ತೆಗೆಸಿದ್ದಳು.

ಅದು ವಾಚ್ ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದಿದ್ದ ಜಪಾನಿನ ಇಂಜಿನಿಯರ್ ಒಬ್ಬ ಊರಿಗೆ ಹೊರಡುವಾಗ ಸೇತುರಾಮನಿಗೆ ಬಿಟ್ಟುಹೋದದ್ದು. ಕ್ಯಾಮೆರಾದ ಕಿಂಡಿಯಲ್ಲಿ ಇಣುಕಿದರೆ ಲೆನ್ಸು ಕಂಡದ್ದು ನಮಗೆ ಕಾಣುವುದಿಲ್ಲ, ಉದ್ದ ಲೆನ್ಸು ಹಾಕಿದಾಗಲಂತೂ ಕುರುಡು ಗುರಿ. ಅದಕ್ಕೆ ಮಧ್ಯೆ ಈ ಪೆಟ್ಟಿಗೆ. ಒಳಗೆ ಓರೆಯಾಗಿ ನಿಂತ ಕನ್ನಡಿಯೊಂದು ಲೆನ್ಸಿಗೆ ಕಂಡದ್ದನ್ನು ಮೇಲಿನ ಗಾಜಿಗೆ ತಂದು ತೋರಿಸುತ್ತದೆ. ಗುಂಡಿ ಒತ್ತಿದರೆ ಕನ್ನಡಿ ಠಪ್ಪೆಂದು ಮೇಲಕ್ಕೆ ಹೋಗಿ ಗಾಜು ಕತ್ತಲಾಗುತ್ತದೆ, ಮತ್ತೆ ಕೈಯಿಂದ ಇಳಿಸುವವರೆಗೆ ಏನೂ ಕಾಣುವುದಿಲ್ಲ. "ಅದನ್ನ ಮುಟ್ಬೇಡ. ಫಿಲ್ಮ್ ಇಲ್ಲ, ಬರೀ ನೋಡು," ಎಂದಿದ್ದ ಸೇತುರಾಮ. "ಆದ್ರೆ ನನ್ನ ಕರೀಬೇಡ. ಬೀಗರ ಮನೆ ತಾರಸಿ ಮೇಲೆ ಕಣ್ಣಿಟ್ಕೊಂಡು ಕೂರೋದು ನನ್ನ ಕೈಲಾಗಲ್ಲ."

"ನಿಮ್ಮ ಕೈಲಾಗೋದು ಏನು ಅಂತ ಒಂದಿನ ಹೇಳಿ, ಬರ್ಕೊಳ್ತೀನಿ."

ಮೊದಲ ದಿನ ಗಾಜಿನಲ್ಲಿ ಮಗಳು ಕಂಡಾಗ ಸೀತಾಲಕ್ಷ್ಮಿ ಭೂತಗನ್ನಡಿಗೆ ಇನ್ನಷ್ಟು ಬಗ್ಗಿದಳು. ಬರಿಗಣ್ಣಿಗೆ ಬಣ್ಣದ ಚುಕ್ಕೆಯಾಗಿದ್ದವಳು ಇಲ್ಲಿ ಮೂಗು ಬಾಯಿಯ ಸಮೇತ ನಿಂತಿದ್ದಳು. ಬಕೆಟ್ಟಿನಿಂದ ಪಂಚೆ ಎತ್ತಿ, ಕೊಡವಿ, ತಂತಿಯ ಮೇಲೆ ಹಾಕುತ್ತಿದ್ದಳು. ಒಂದು ನಿಮಿಷವಾದ ಮೇಲೆ ಏನೋ ಸರಿಯಿಲ್ಲ ಅನ್ನಿಸಿ ಮೆಟ್ಟಿಲಿಳಿದು ಗಂಡನ ಹತ್ತಿರ ಬಂದಳು.

"ರೀ, ಇವಳ್ಯಾಕ್ರೀ ಎಡಗೈಲಿ ಬಟ್ಟೆ ಹಾಕ್ತಿದಾಳೆ? ಸೆರಗೂ ಬಲಗಡೆ, ಸೇಟುಗಳ ಮನೆ ಹೆಂಗಸರ ಥರ. ಅದನ್ನೂ ಬದಲಾಯಿಸಿದ್ರಾ ಆ ಮನೆಯವರು?"

ಸೇತುರಾಮ ಎಷ್ಟೋ ದಿನದ ಮೇಲೆ ನಕ್ಕಿದ್ದ. "ಅವರಲ್ಲ ಕಣೇ, ಪೆಟ್ಟಿಗೆ ಬದಲಾಯಿಸಿದ್ದು. ಒಳಗಿರೋದು ಒಂದೇ ಕನ್ನಡಿ. ಮೇಲು ಕೆಳಗು ಸರಿಯಾಗಿರತ್ತೆ, ಎಡ ಬಲ ಅದಲು ಬದಲು. ಗಾಜಲ್ಲಿ ಎಡಗೈ ಕಂಡ್ರೆ ಅದು ಬಲಗೈ."

"ಇಷ್ಟೆಲ್ಲ ಮಾಡಿದವರಿಗೆ ಅದನ್ನ ನೆಟ್ಟಗೆ ಮಾಡೋಕೆ ಬರ್ಲಿಲ್ವಾ?"

"ಆಮೇಲೆ ಮಾಡಿದ್ರು. ನೆಟ್ಟಗೆ ತೋರಿಸೋ ಕ್ಯಾಮೆರಾ ಬಂದ ಮೇಲೆ ಇದನ್ನ ಯಾರೂ ಕೇಳ್ಲಿಲ್ಲ. ಇಲ್ದಿದ್ರೆ ಇಂಥದ್ದು ನಮ್ಮನೆಗೆ ಬರ್ತಿತ್ತಾ?"

ಹಾಗೆ ಅಭ್ಯಾಸವಾಯಿತು. ಗಂಡ ನಸುಕಿನಲ್ಲೇ ಫ್ಯಾಕ್ಟರಿ ಬಸ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಅಷ್ಟರಲ್ಲಿ ಇವಳಿಗೆ ಅಡಿಗೆ, ನೀರು, ಆಮೇಲೆ ಹೊಲಿಗೆ ಮೆಷಿನ್ನು. ಜಯನಗರದ ಬಟ್ಟೆ ಅಂಗಡಿಯವರು ಕಳಿಸುವ ಸೀರೆಗಳಿಗೆ ಫಾಲ್ ಹಚ್ಚಿ ಹಚ್ಚಿ ಸಂಜೆಯ ಹೊತ್ತಿಗೆ ಕತ್ತು ತಿರುಗುತ್ತಿರಲಿಲ್ಲ. ಈ ನಡುವೆ ತಾರಸಿಯ ಹತ್ತು ನಿಮಿಷ. ಗಾಜಿನಲ್ಲಿ ಸೇಟು ಸೆರಗಿನ, ಎಡಗೈಯ ಜಯಾ. ನೋಡುತ್ತ ನೋಡುತ್ತ ಅದು ಮಗಳೇ ಹೌದು, ಆದರೂ ಯಾರದೋ ಮನೆಯವಳು ಅನ್ನಿಸುತ್ತಿತ್ತು.

ಸಂಜೆ ಸೇತುರಾಮ ಚಪ್ಪಲಿ ಬಿಡುತ್ತ ಕೇಳುತ್ತಿದ್ದ: "ಕಂಡ್ಲಾ?"

"ಕಂಡ್ಲು."

ಅಷ್ಟೇ ಮಾತು.

ಒಂದು ಮಂಗಳವಾರ ಉತ್ತರಹಳ್ಳಿಯಿಂದ ಸೊಪ್ಪು ತರುವ ಮುನಿಯಕ್ಕ ಬಾಗಿಲಲ್ಲಿ ಕುಕ್ಕೆ ಇಳಿಸಿ, ಕಾಫಿಗೆ ಕಾಯುತ್ತ ಹೇಳಿದಳು: "ಆ ಮೋರಿ ಆಚೆ ಮನೇಲಿ ಈಗ ಅತ್ತೆಮ್ಮನೇ ಸೊಪ್ಪು ಆಯ್ಕೊತಾರೆ ಕಣವ್ವ. ಮೊದ್ಲು ನಿಮ್ ಮಗ್ಳೇ ಬರಾಳು. ಅಕ್ಕ, ಅಮ್ಮ ಹೆಂಗವ್ರೆ ಅಂತ ಕೇಳಾಳು. ಈಗ ಬಾಗ್ಲಿಗೇ ಬರಾಕಿಲ್ಲ."

"ಮೈ ಸರಿಯಿಲ್ವಂತಾ?"

"ಕೇಳ್ದೆ. ಒಳಗೆ ಕೆಲ್ಸ ಐತೆ ಅಂದ್ರು. ಸೊಪ್ಪು ತಗೊಳಕ್ಕಿಂತ ದೊಡ್ ಕೆಲ್ಸ ಏನೈತೋ, ದೊಡ್ಡೋರ್ ಮನೇದು ನಂಗೇನ್ ಗೊತ್ತು."

ಸೀತಾಲಕ್ಷ್ಮಿ ಕಾಫಿ ಲೋಟ ಕೊಟ್ಟವಳೇ ಮೊರ ಕೂಡ ತೆಗೆದುಕೊಳ್ಳದೆ ಮೇಲೆ ಓಡಿದಳು. ಗಾಳಿ ಕಿಟಕಿಯ ಬಾಗಿಲನ್ನು ಬಡಿಯುತ್ತಿತ್ತು. ಎದುರು ತಾರಸಿ ಖಾಲಿ. ಗಾಜಿನಲ್ಲಿ ಬರೀ ತಂತಿ ತೂಗುತ್ತಿತ್ತು. ಕೆಳಗೆ ಮುನಿಯಕ್ಕ "ಲೋಟ ಇಲ್ಲೇ ಇಟ್ಟಿವ್ನಿ" ಎಂದು ಕೂಗಿ ಹೊರಟುಹೋದಳು. ಇವಳು ತಲೆ ಎತ್ತಲಿಲ್ಲ.

ಆಮೇಲೆ ಜಯಾ ಬಂದಳು. ಬಕೆಟ್ ಇಳಿಸಿದಳು. ಅವತ್ತು ಅವಳನ್ನು ನೋಡಿದ ಕೂಡಲೇ ಸೀತಾಲಕ್ಷ್ಮಿಯ ಎದೆ ಹಗುರವಾಯಿತು. ಯಾಕೆಂದು ತಕ್ಷಣ ತಿಳಿಯಲಿಲ್ಲ. ಮಗಳು ಇಷ್ಟು ದಿನ ಕಂಡ ಹಾಗೆ ಕಾಣುತ್ತಿರಲಿಲ್ಲ, ಈ ಮನೆಯಲ್ಲಿದ್ದಾಗ ಕಂಡ ಹಾಗೆ ಕಾಣುತ್ತಿದ್ದಳು. ಬಲಗೈ ಚಾಚಿ ಟವೆಲನ್ನು ತಂತಿಯ ಮೇಲೆ ಎಸೆದಳು. ಬಲಗೈಯಿಂದಲೇ ಎಳೆದು ಸರಿಮಾಡಿದಳು. ಇನ್ನೊಂದು ಕೈ ಸೆರಗಿನೊಳಗೆ. ಗಾಳಿಗೆ ಸೆರಗು ಹಾರೀತೆಂದು ಮೈಗೆ ಸುತ್ತಿ ಹಿಡಿದಿದ್ದಾಳೆ. ಕೆಲಸ ನಿಧಾನ. ನಿಧಾನವಾದರೆ ಏನಂತೆ, ಅವಸರವಿಲ್ಲದ ಮನೆ ಎಂದಾಯಿತು. ಒಮ್ಮೆ ಜಯಾ ಕೈ ಕೆಳಗೆ ಬಿಟ್ಟು ಈ ಕಡೆಗೇ ತಿರುಗಿ ಸುಮ್ಮನೆ ನಿಂತಳು. ಗಾಜಿನೊಳಗಿನಿಂದ ನೇರ ತನ್ನನ್ನೇ ನೋಡಿದಂತಾಗಿ ಸೀತಾಲಕ್ಷ್ಮಿ ನಾಚಿ ಹಿಂದೆ ಸರಿದಳು.

ಅವತ್ತು ದಿನಕ್ಕಿಂತ ಎರಡು ಸೀರೆಗೆ ಹೆಚ್ಚಿಗೆ ಫಾಲ್ ಹಚ್ಚಿದಳು. ಮುನಿಯಕ್ಕನಿಗೆ ಬಾಯಿ ಹೆಚ್ಚು, ಏನೇನೋ ಕಲ್ಪಿಸಿಕೊಳ್ಳುತ್ತಾಳೆ ಅಂದುಕೊಂಡಳು. ಮರುದಿನವೂ ಹಾಗೇ ಕಂಡಿತು, ಅದರ ಮರುದಿನವೂ. ಆ ವಾರ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದಳು. ಸೇತುರಾಮ ಹುಳಿಯನ್ನ ಕಲಸುತ್ತ, "ಕಂಡ್ಲಾ ಇವತ್ತು?" ಎಂದ.

"ಕಂಡ್ಲು. ಚೆನ್ನಾಗೇ ಇದಾಳೆ. ಇನ್ನೊಂದು ವಿಷಯ, ನಿಮ್ಮ ಪೆಟ್ಟಿಗೆ ಸರಿಹೋಗಿದೆ."

"ಸರಿಹೋಗಿದೆ ಅಂದ್ರೆ?"

"ಎಡಗೈ ಎಡಗೈ ಅಂತ ಇಷ್ಟು ದಿನ ಕಿರಿಕಿರಿ ಆಗ್ತಿತ್ತಲ್ಲ, ಈಗಿಲ್ಲ. ಬಲಗೈಲೇ ಬಟ್ಟೆ ಹಾಕ್ತಾಳೆ. ನಮ್ಮ ಜಯಾ ಥರಾನೇ."

ಸೇತುರಾಮನ ಕೈ ತಟ್ಟೆಯಲ್ಲೇ ನಿಂತಿತು.

"ಪೆಟ್ಟಿಗೆ ಸರಿಹೋಗಲ್ಲ ಕಣೇ. ಅದು ಕನ್ನಡಿ."

"ಮತ್ತೆ ನಾನು ನೋಡಿದ್ದು..."

"ಸೆರಗು ಯಾವ ಕಡೆ ಇತ್ತು?"

"ಸೆರಗು ಬಲಗಡೆ. ಸೇಟು ಥರ. ಅದು ಯಾವಾಗ್ಲೂ..." ಸೌಟು ಕೈಯಲ್ಲೇ ಇತ್ತು. ಸೆರಗು ಇನ್ನೂ ಅದಲು ಬದಲಾಗಿಯೇ ಇದೆ. ಕೈ ಮಾತ್ರ ಸರಿಯಾಗಿದೆ. ಕನ್ನಡಿ ಸೆರಗಿಗೊಂದು ಕೈಗೊಂದು ಲೆಕ್ಕ ಇಟ್ಟುಕೊಳ್ಳುವುದಿಲ್ಲ.

"ಎಡಗೈ," ಎಂದಳು. "ಅವಳು ಎಡಗೈಲಿ ಹಾಕ್ತಿದಾಳೆ. ಬಲಗೈ ಸೆರಗಲ್ಲಿ ಸುತ್ತಿಟ್ಕೊಂಡಿದಾಳೆ."

"ಎಷ್ಟು ದಿನದಿಂದ?"

ಸೀತಾಲಕ್ಷ್ಮಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಕೈ ತೊಳೆದು, ಗೂಟದಲ್ಲಿದ್ದ ಸೀರೆ ತೆಗೆದುಕೊಂಡು ಒಳಗೆ ಹೋದಳು. ಉಟ್ಟು ಬರುವ ಹೊತ್ತಿಗೆ ಸೇತುರಾಮ ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಮೆಟ್ಟಿಲಿನ ಹತ್ತಿರ ನಿಂತಿದ್ದ.

"ಎಲ್ಲಿಗೆ ಹೊರಟೆ? ಏನಂತ ಕೇಳ್ತೀಯ ಹೋಗಿ? ದುರ್ಬೀನು ಹಾಕ್ಕೊಂಡು ನೋಡ್ತಿದ್ವಿ, ನಿಮ್ಮನೇಲಿ ಹೀಗಾಗ್ತಿದೆ ಅಂತಾನಾ? ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಮೊದ್ಲು ನಾನೊಂದ್ಸಲ ಮೇಲೆ ಹೋಗಿ ಸರಿಯಾಗಿ ನೋಡ್ತೀನಿ."

"ನೋಡಿದ್ದು ಸಾಕು," ಎಂದಳು ಸೀತಾಲಕ್ಷ್ಮಿ. "ಬರೋದಾದ್ರೆ ಅಂಗಿ ಹಾಕ್ಕೊಂಡು ಬನ್ನಿ."

ಲಂಟಾನದ ನಡುವಿನ ಕಾಲುಹಾದಿಯಲ್ಲಿ ಇಬ್ಬರೂ ಬಿರುಸಾಗಿ ನಡೆದರು. ಗಾಳಿಗೆ ಮಣ್ಣು ಹಾರಿ ಕಣ್ಣಿಗೆ ಬೀಳುತ್ತಿತ್ತು. ಮೋರಿಯ ಮೇಲೆ ಹಾಕಿದ್ದ ಕಲ್ಲುಚಪ್ಪಡಿ ದಾಟುವಾಗ ಸೇತುರಾಮ ಹೆಂಡತಿಯ ಮೊಣಕೈ ಹಿಡಿದುಕೊಂಡ. ಆ ಮನೆಯ ಗೇಟಿನ ಹತ್ತಿರ ಬಂದಾಗ ಬಿಟ್ಟು, "ನೀನು ಹೋಗು, ನಾನಿಲ್ಲಿರ್ತೀನಿ," ಎಂದ. ಅವನ ಬೆರಳಿನಲ್ಲಿ ಇನ್ನೂ ಅನ್ನದ ಅಗುಳು ಒಣಗಿಕೊಂಡಿತ್ತು.

ರಂಗನಾಯಕಮ್ಮ ಬಾಗಿಲು ತೆರೆದರು. ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಅಳಿಯ ತಿರುಮಲೇಶ ಎದ್ದು ಒಳಕೋಣೆಗೆ ಹೋದ.

"ಏನಮ್ಮಾ, ಆಷಾಢದಲ್ಲಿ ಅತ್ತೆ ಅಳಿಯ ಮುಖ ನೋಡಬಾರದು ಅಂತಾರೆ, ನೀವೇ ಬಂದ್ಬಿಟ್ರಲ್ಲ," ಎಂದರು ರಂಗನಾಯಕಮ್ಮ, ನಗುತ್ತಲೇ.

"ನಿಮಗೆ ಅದರಲ್ಲೆಲ್ಲ ನಂಬಿಕೆ ಇಲ್ಲ ಅಂದಿದ್ರಿ. ಅದಕ್ಕೇ ಧೈರ್ಯ ಮಾಡ್ದೆ."

"ಕೂತ್ಕೊಳ್ಳಿ. ಜಯಾ ಮಲಗಿದಾಳೆ, ತಲೆನೋವಂತೆ. ಕಾಫಿ ತರ್ತೀನಿ."

"ಕಾಫಿ ಬೇಡ, ಊಟದ ಹೊತ್ತು. ದೇವಸ್ಥಾನಕ್ಕೆ ಅಂತ ಹೊರಟಿದ್ವಿ, ಹಾಗೇ ಒಂದು ಹೆಜ್ಜೆ ಇಟ್ಟೆ." ಬಾಯಿಗೆ ಬಂದ ಸುಳ್ಳು ಹೇಳಿ ಸೀತಾಲಕ್ಷ್ಮಿ ಕುರ್ಚಿಯ ಅಂಚಿನಲ್ಲಿ ಕೂತಳು. ಒಳಗಿನಿಂದ ಯಾವ ಸದ್ದೂ ಇಲ್ಲ. ಗೋಡೆಯ ಮೇಲೆ ಮದುವೆಯ ಫೋಟೋ, ಅದರಲ್ಲಿ ಜಯಾಳ ಸೆರಗು ಎಡ ಹೆಗಲಿನ ಮೇಲೆ, ಬಲಗೈ ತುಂಬ ಹಸಿರು ಬಳೆ. ಬೀಗಿತ್ತಿ ಮಳೆ ಬಾರದ್ದು, ಸೀಮೆಎಣ್ಣೆ ಸಿಗದ್ದು ಮಾತಾಡಿದರು. ಇವಳು ಹೂಂಗುಟ್ಟಿದಳು. ಆಮೇಲೆ ಎದ್ದು ನಿಂತಳು.

"ಹೊರಡ್ತೀನಿ. ಕುಂಕುಮ ಕೊಡಿ."

"ಅಯ್ಯೋ, ಕೊಡ್ದೆ ಕಳಿಸ್ತೀನಾ?" ರಂಗನಾಯಕಮ್ಮ ದೇವರಮನೆಗೆ ತಿರುಗಿದರು.

"ನಿಮ್ಮ ಕೈಲಲ್ಲ. ಜಯಾ ಇಡ್ಲಿ. ತಲೆನೋವಿದ್ರೂ ಅಮ್ಮಂಗೆ ಒಂದು ಬೊಟ್ಟು ಕುಂಕುಮ ಇಡೋಕಾಗಲ್ವಾ?"

ರಂಗನಾಯಕಮ್ಮ ಅಲ್ಲೇ ನಿಂತರು. ಮುತ್ತೈದೆ ಕುಂಕುಮ ಕೇಳಿದಾಗ ಇಲ್ಲವೆನ್ನಲು ಯಾವ ಮನೆಯಲ್ಲೂ ಬಾಯಿ ಬರುವುದಿಲ್ಲ. ಎಡಗೈಯಲ್ಲಿ ಕುಂಕುಮ ಇಡಿಸುವ ಮನೆಯೂ ಎಲ್ಲೂ ಇಲ್ಲ. ಅವರು ಇನ್ನೂ ಯೋಚಿಸುತ್ತಿರುವಾಗಲೇ ಒಳಗಿನಿಂದ ಜಯಾ ಬಂದಳು. ತಾಯಿಯ ದನಿ ಕೇಳಿ ಬಾಗಿಲ ಹಿಂದೆಯೇ ನಿಂತಿದ್ದಳೇನೋ. ಕುಂಕುಮದ ಭರಣಿ ಎಡಗೈಯಲ್ಲಿತ್ತು. ಬಲಗೈ ಸೆರಗಿನಲ್ಲಿ ಸುತ್ತಿತ್ತು. ಭರಣಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, ಎಡಗೈಯ ಉಂಗುರದ ಬೆರಳನ್ನು ಅದ್ದಲು ಹೋಗಿ ಹಾಗೇ ನಿಲ್ಲಿಸಿದಳು.

"ನೀವೇ ಇಟ್ಕೊಂಡ್ಬಿಡಿ ಅಮ್ಮಾ," ಎಂದರು ರಂಗನಾಯಕಮ್ಮ. "ಬಚ್ಚಲಲ್ಲಿ ಜಾರಿ ಸ್ವಲ್ಪ ಉಳುಕಿದೆ. ಹೇಳಿದ್ರೆ ಗಾಬರಿ ಆಗ್ತೀರಿ ಅಂತ ಹೇಳಲಿಲ್ಲ."

ಸೀತಾಲಕ್ಷ್ಮಿ ಸೆರಗನ್ನು ಸರಿಸಿದಳು. ಮಣಿಕಟ್ಟು ಊದಿ ನೀಲಿಗಟ್ಟಿತ್ತು. ಮೇಲೆ ಅರಿಶಿನ ಸುಣ್ಣದ ಪಟ್ಟು ಒಣಗಿ ಬಿರುಕು ಬಿಟ್ಟಿತ್ತು. ಆ ಕೈಯಲ್ಲಿ ಒಂದೂ ಬಳೆ ಇರಲಿಲ್ಲ.

"ಜಾರಿ ಬಿದ್ಯಾ?" ಎಂದಳು ಮಗಳಿಗೆ.

ಜಯಾ ಒಳಕೋಣೆಯ ಬಾಗಿಲ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ಆಷಾಢಕ್ಕೆ ಹೋಗ್ಲಾ ಅಂತ ಕೇಳ್ದೆ," ಎಂದಳು. ಅಷ್ಟೇ.

ಹಿಂದಿನಿಂದ ಸೇತುರಾಮನ ದನಿ ಬಂತು. ಅವನು ಯಾವಾಗ ಗೇಟು ದಾಟಿ ಹೊಸಿಲಿಗೆ ಬಂದನೋ ಯಾರೂ ನೋಡಿರಲಿಲ್ಲ. "ಜಯಾ, ಚಪ್ಪಲಿ ಹಾಕ್ಕೋ."

ತಿರುಮಲೇಶ ಹೊರಬಂದ. "ಮಾವ, ಒಂದ್ನಿಮಿಷ ಕೂತ್ಕೊಳ್ಳಿ. ಮಾತಾಡೋಣ. ನೀವಂದ್ಕೊಂಡ ಹಾಗಲ್ಲ..."

"ಮಾತಾಡೋಣಪ್ಪ. ಆಷಾಢ ಮುಗೀಲಿ," ಎಂದ ಸೇತುರಾಮ. ಅವನ ದನಿ ಏರಲಿಲ್ಲ. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು.

ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ಜಯಾ ಮಧ್ಯೆ ಕೂತಿದ್ದಳು. ಪ್ರತಿ ಹಳ್ಳಕ್ಕೂ ಹಲ್ಲು ಕಚ್ಚುತ್ತಿದ್ದಳು. ತಿಲಕ್ ನಗರದ ತಿರುವಿನಲ್ಲಿ ಆಟೋ ನಿಂತಾಗ ಕೇಳಿದಳು: "ಅಮ್ಮ, ಅಪ್ಪನ ಪೆಟ್ಟಿಗೇಲಿ ನೋಡ್ತಿದ್ದೆ ಅಲ್ವಾ?"

"ನಿಂಗೆ ಹೇಗೆ ಗೊತ್ತು?"

"ಬಿಸಿಲು ಬಿದ್ದಾಗ ಕಿಟಕೀಲಿ ಲೆನ್ಸು ಹೊಳೀತಿತ್ತು. ಅದಕ್ಕೇ ದಿನಾ ಬಟ್ಟೆ ಒಣಗಿಸೋಕೆ ನಾನೇ ಹೋಗ್ತೀನಿ ಅಂತಿದ್ದೆ. ಕೈ ಬೀಸೋ ಹಾಗಿರ್ಲಿಲ್ಲ, ಹಿತ್ತಲಲ್ಲಿ ಅತ್ತೆ ನಿಂತಿರ್ತಿದ್ರು. ಎಡಗೈಲಿ ಹಾಕ್ತಿದ್ರೆ ಅಮ್ಮಂಗೆ ಗೊತ್ತಾಗತ್ತೆ ಅಂದ್ಕೊಂಡೆ."

ಆಟೋ ಹೊರಟಿತು. ಸೀತಾಲಕ್ಷ್ಮಿ ಮಗಳ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಏನಾದರೂ ಬೇರೆ ಹೇಳಬಹುದಿತ್ತು. ಇವತ್ತಷ್ಟೇ ಕಂಡೆ ಅನ್ನಬಹುದಿತ್ತು.

"ನೋಡ್ದೆ ಕಣೇ," ಎಂದಳು. "ಚೆನ್ನಾಗಿದೀಯ ಅಂದ್ಕೊಂಡೆ."

ಜಯಾ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆ ಕಡೆ ಸೇತುರಾಮ ರಸ್ತೆಯನ್ನೇ ನೋಡುತ್ತ ಕೂತಿದ್ದ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಯಾವತ್ತು ಆಗಿದ್ದು?" ಎಂದು ಕೇಳಿದರು. ಸೋಮವಾರ ಎಂದಳು ಜಯಾ. ಮೂಳೆ ಸೊಟ್ಟಗೆ ಕೂಡಿಕೊಳ್ಳಲು ಶುರುವಾಗಿದೆ, ಎಳೆದು ಮತ್ತೆ ಕೂರಿಸಬೇಕು, ಅವತ್ತೇ ಬಂದಿದ್ದರೆ ಇಷ್ಟು ನೋವಿರುತ್ತಿರಲಿಲ್ಲ ಎಂದರು ಅವರು, ಯಾರನ್ನೂ ಬೈಯದೆ. ಒಳಗೆ ಕರೆದುಕೊಂಡು ಹೋದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತರು. ಒಳಗಿನಿಂದ ಜಯಾ ಒಂದೇ ಸಲ ಕೂಗಿದಳು.

ಸಂಜೆ ಮನೆಗೆ ಬಂದಾಗ ಮಧ್ಯಾಹ್ನದ ತಟ್ಟೆ ಹಾಗೇ ಇತ್ತು. ಸೇತುರಾಮ ಅದನ್ನು ತಾನೇ ತೆಗೆದು ತೊಳೆದಿಟ್ಟು ತಾರಸಿಗೆ ಹೋದ. ಮೇಲೆ ಸ್ಟ್ಯಾಂಡು ಮಡಚುವ ಸದ್ದು ಕೇಳಿಸಿತು.

ಸೀತಾಲಕ್ಷ್ಮಿ ಅನ್ನ ಮಾಡಿ, ಸಾರು ಕಾಯಿಸಿ, ಮಗಳ ಮುಂದೆ ಕೂತು ತಟ್ಟೆಯಲ್ಲಿ ಕಲಸಿದಳು. ಜಯಾಳ ಬಲಗೈ ಮೊಣಕೈವರೆಗೆ ಬಿಳಿ ಪಟ್ಟಿಯಲ್ಲಿತ್ತು.

"ನಾನೇ ಎಡಗೈಲಿ ತಿಂತೀನಿ ಅಮ್ಮ, ಅಭ್ಯಾಸ ಆಗಿದೆ."

"ಅಲ್ಲಿ ಹಾಗೇ ಉಣ್ತಿದ್ಯಾ?"

"ಹೂಂ. ಅನಿಷ್ಟ ಅಂತ ಅದಕ್ಕೂ ಬೈತಿದ್ರು."

ಸೀತಾಲಕ್ಷ್ಮಿ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು. ಜಯಾ ಬಾಯಿ ತೆರೆಯಲಿಲ್ಲ.

"ಅಮ್ಮ, ಶ್ರಾವಣ ಬಂದ್ಮೇಲೆ ಕರ್ಕೊಂಡು ಹೋಗೋಕೆ ಬರ್ತಾರೆ."

"ಬರ್ಲಿ."

"ಬಂದ್ರೆ?"

"ಬಂದ್ರೆ ಬಾಗ್ಲಲ್ಲಿ ನಾನಿರ್ತೀನಿ. ಬಾಯಿ ತೆಗಿ, ಆರೋಗತ್ತೆ."

ಜಯಾ ಬಾಯಿ ತೆರೆದಳು. ಸೇತುರಾಮ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಬಂದು, ಬೀರುವಿನ ಮುಂದೆ ನಿಂತು, ಎಲ್ಲಿಡುವುದು ಎಂದು ತಿಳಿಯದವನಂತೆ ಇಬ್ಬರನ್ನೂ ನೋಡಿದ. ಯಾರೂ ಅವನ ಕಡೆ ತಿರುಗಲಿಲ್ಲ. ಎರಡನೆಯ ತುತ್ತು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು.